ನಮ್ಮ ರಸ್ತೆಯಲ್ಲಿ ತರಗೆಲೆಗೆ ಬೆಂಕಿ ಬೀಳೋದು ನಿಂತದ್ದು ಹೀಗೆ

'ಎಲೆ ಚೂರು ಮಾಡುವ ಯಂತ್ರ, ಅಂದ್ರೆ ಶ್ರೆಡ್ಡರ್ ಇಲ್ಲದೆ ಮಹಾಗನಿ ಎಲೆ ಕೊಳೆಯೋದಿಲ್ಲ' ಅಂದವರೆಲ್ಲ ಈ ವರ್ಷ ನಮ್ಮಲ್ಲಿಂದಲೇ ಗೊಬ್ಬರದ ಚೀಲ ಹೊತ್ತುಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇದು ಜಯನಗರದ ನಮ್ಮ ಅಡ್ಡರಸ್ತೆಯ ಕಥೆ.

ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ಮಹಾಗನಿ, ಹೊಂಗೆ ಎಲೆ ಉದುರಿಸುತ್ತವೆ. ಚಳಿಯ ಬೆಳಿಗ್ಗೆ ರಾಶಿಗೆ ಬೆಂಕಿ ಇಟ್ಟರೆ ಹೊಗೆ ಮೇಲೇಳದೆ ನೇರ ಕಿಟಕಿಗೆ ಬರುತ್ತದೆ. ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಅದನ್ನೇ ಬೋರ್ಡ್ ಬರೆಸಿದೆವು. ಬೋರ್ಡಿನ ಬುಡದಲ್ಲೇ ರಾಶಿ ಉರಿಯಿತು. ಗುಡಿಸುವ ಅಮ್ಮ ಕೇಳಿದ್ದು ಒಂದೇ: "ಗಾಡಿಯವ್ರು ಎಲೆ ಹಾಕಿಸ್ಕೊಳಲ್ಲ ಸಾರ್, ನಾನೇನ್ ಮನೇಗ್ ಹೊತ್ಕೊಂಡ್ ಹೋಗ್ಲಾ?"

ಮೊದಲು ಶ್ರೆಡ್ಡರ್ ತಂದೆವು. ಏಳೆಂಟು ಮನೆಯವರು ಸೇರಿ 35,000ದ ಹತ್ತಿರ ಸುರಿದೆವು. ಎಲೆ ಜೊತೆ ಬರುವ ಕಲ್ಲು, ಬಾಟಲಿ ಮುಚ್ಚಳಕ್ಕೆ ಬ್ಲೇಡು ಮೊಂಡಾಯಿತು. ಇಬ್ಬನಿಯ ಎಲೆಗೆ ಬಾಯಿ ಕಟ್ಟಿ ಮೋಟಾರು ಸುಟ್ಟಿತು. ರಿವೈಂಡಿಂಗ್ ಮಾಡಿಸಿದ ಮೇಲೂ ಸುಟ್ಟಿತು. ಯಾರಿಗಾದರೂ ಬೇಕಿದ್ದರೆ ಹೇಳಿ, ಗ್ಯಾರೇಜಿನಲ್ಲಿ ಬಿದ್ದಿದೆ. ಆಮೇಲೆ ತಂತಿ ಜಾಲರಿಯ (ಮೆಶ್) ಪಂಜರ ಮಾಡಿಸಿದೆವು, ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಒಂದಕ್ಕೆ 3,000ದ ಆಸುಪಾಸು. ಎಲ್ಲರೂ ಹೇಳುವ ಹಾಗೆ ಎಲೆ ತುಂಬಿಸಿ ಮೇಲಿಂದ ನೀರು ಚಿಮುಕಿಸಿದರೆ ಮಳೆಗಾಲ ಬಂದರೂ ಒಳಗೆಲ್ಲ ಹಪ್ಪಳದ ಹಾಗೆ ಗರಿಗರಿ.

ಕೆಲಸ ಮಾಡಿದ್ದು ನೆನೆಸೋದು. ಹಳೇ ಡ್ರಮ್ಮುಗಳಲ್ಲಿ ಎಲೆಯನ್ನು ರಾತ್ರಿಯಿಡೀ ಮುಳುಗಿಸಿಟ್ಟು, ಬೆಳಿಗ್ಗೆ ಪಂಜರಕ್ಕೆ ಹಾಕಿ ಕಾಲಲ್ಲಿ ತುಳಿಯಬೇಕು. ಅರ್ಧಡಿಗೊಂದು ಸಲ ಸಗಣಿ ಬಗ್ಗಡ. ಕೆಂಪಾದ ಡ್ರಮ್ಮಿನ ನೀರೇ ಮರುದಿನಕ್ಕೂ ಆಗುತ್ತದೆ. ಬಗ್ಗಡಕ್ಕೆ ಇನ್ನೊಂದು ಸಾಮಾನು ಬೀಳುತ್ತದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರ್ನಾಲ್ಕು ದಿನಕ್ಕೆ ಒಳಗೆ ಕೈ ಇಡಲಾಗದಷ್ಟು ಬಿಸಿ. ಹೊಂಗೆ ಮೂರು ತಿಂಗಳಿಗೆ ಕಪ್ಪಾಗುತ್ತದೆ, ಮಹಾಗನಿಗೆ ಐದಾರು ಬೇಕು. ಮಳೆಮರದ ಸಣ್ಣೆಲೆ ಸಿಕ್ಕರೆ ಬಿಡಬೇಡಿ. ತೆಂಗಿನ ಗರಿ ಸೇರಿಸಲೇಬೇಡಿ.

ಪಂಜರ ಇಡಬೇಕಾದ್ದು ಬೆಂಕಿ ಹಾಕುತ್ತಿದ್ದ ಜಾಗದಲ್ಲೇ. ಅಮ್ಮನಿಗೆ ತಳ್ಳುಗಾಡಿ ಹತ್ತು ಹೆಜ್ಜೆ ಹೆಚ್ಚು ತಳ್ಳಬೇಕಾಗಿ ಬಂದರೆ ಕಡ್ಡಿಪೆಟ್ಟಿಗೆಯೇ ಸುಲಭ.

ನಡುವೆ 4,000 ಕೊಟ್ಟು, ಗಾಳಿಯಲ್ಲಿರುವ ಅತಿ ಸಣ್ಣ ಧೂಳಿನ ಕಣ (ಪಿಎಂ 2.5) ಅಳೆಯುವ ಮೀಟರ್ ತಂದೆ. ಎಲೆ ಉರಿಯುವಾಗ ಗೇಟಿನ ಬಳಿ 300 (ಒಂದು ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಅಂತ ಲೆಕ್ಕ) ದಾಟುತ್ತಿತ್ತು, ಬೆಂಕಿಯಿಲ್ಲದ ದಿನ 50ರ ಸುತ್ತ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯದು 15. ಮಂಜು ಬಿದ್ದ ದಿನ ಈ ಅಗ್ಗದ ಸೆನ್ಸರ್ ನೀರಹನಿಯನ್ನೂ ಧೂಳೆಂದೇ ಎಣಿಸುತ್ತದೆ, ನಂಬಬೇಡಿ. ಕುತೂಹಲಕ್ಕೆ ದೇವರಮನೆಯಲ್ಲಿಟ್ಟೆ. ಬಾಗಿಲು ಹಾಕಿ ಎರಡು ಊದುಬತ್ತಿ ಹಚ್ಚಿದ್ದಕ್ಕೆ ಬೀದಿಯ ಬೆಂಕಿಗಿಂತ ಜಾಸ್ತಿ ತೋರಿಸಿತು! ಒಣಮೆಣಸಿನಕಾಯಿ ಒಗ್ಗರಣೆಯೂ ಕಡಿಮೆಯೇನಲ್ಲ. ನಮ್ಮಾಕೆ ಮೀಟರನ್ನು ಮಹಡಿಗೆ ಸಾಗಿಸಿದಳು. ಈಗ ಪೂಜೆ ಹೊತ್ತಿಗೆ ಕಿಟಕಿ ತೆರೆದಿರುತ್ತದೆ, ಅಷ್ಟಕ್ಕೆ ರಾಜಿಯಾಗಿದೆ.

ಜರಡಿ ಹಿಡಿದ ಗೊಬ್ಬರ ಕಿಲೋಗೆ 15ರಂತೆ ತಾರಸಿ ತೋಟದವರಿಗೆ ಹೋಗುತ್ತದೆ, ಅರ್ಧ ದುಡ್ಡು ಗುಡಿಸುವ ಅಮ್ಮನಿಗೆ. ಪಂಜರದ ಖರ್ಚು ಎರಡೇ ಸೀಸನ್ನಿಗೆ ಹುಟ್ಟಿತು. ಶ್ರೆಡ್ಡರಿನದು ಹುಟ್ಟಲಿಲ್ಲ, ಹುಟ್ಟೋದೂ ಇಲ್ಲ. ಪಕ್ಕದ ಅಡ್ಡರಸ್ತೆಯವರೂ ಪಂಜರ ಕೇಳಿದ್ದಾರೆ, ವೆಲ್ಡರ್‌ಗೆ ಅಡ್ವಾನ್ಸ್ ಕೊಟ್ಟಾಗಿದೆ.