ಅರವತ್ತು ದಾಟಿದವರ ವಾಕಿಂಗ್: ಹತ್ತು ನಿಮಿಷದಿಂದ ಶುರು ಮಾಡಿ

ಮೊದಲ ದಿನವೇ ಗಂಟೆಗಟ್ಟಲೆ ನಡೆದು, ಮರುದಿನ ಮಂಡಿ ಊದಿಸಿಕೊಂಡು, ವಾಕಿಂಗ್ ಸಹವಾಸವೇ ಬೇಡವೆಂದು ಕೂತ ಹಿರಿಯರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಉಸಿರು ಬೇಗ ಪಳಗುತ್ತದೆ, ಕೀಲುಗಳಿಗೆ ವಾರಗಳೇ ಬೇಕು. ಹತ್ತು ನಿಮಿಷದಿಂದ ಹೊರಟರೆ ಸಾಕು.

ಮೊದಲು ಮಾತ್ರೆಯ ಡಬ್ಬಿ ನೋಡಿ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ. ಶುಗರ್ ಕುಸಿದರೆ ಬೆವರು, ನಡುಕ, ತಲೆ ಮಂಕಾಗುವುದು ಶುರುವಾಗುತ್ತದೆ. ಮೂರು ಚಮಚದಷ್ಟು ಸಕ್ಕರೆಯ ಪೊಟ್ಟಣ ಜೇಬಿನಲ್ಲಿರಲಿ. ಬಿ.ಪಿ. ಮಾತ್ರೆ ನುಂಗುವವರು ಹಾಸಿಗೆಯಿಂದ ಎದ್ದವರೇ ಬಾಗಿಲಿಗೆ ನಡೆಯದೆ, ಎರಡು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಿ. ಸ್ಟೆಂಟ್ ಹಾಕಿಸಿಕೊಂಡವರು, ಎದೆನೋವು ಇರುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಕಾಲಿಗೆ ಏನು ಹಾಕಬೇಕು

ಹವಾಯಿ ಚಪ್ಪಲಿ ಬೇಡ. ಅದು ಜಾರದಂತೆ ಬೆರಳು ಬಿಗಿಹಿಡಿದೇ ನಡೆಯಬೇಕಾಗುತ್ತದೆ. ಹೆಜ್ಜೆ ಕಿರಿದಾಗಿ ಎಡವುತ್ತೀರಿ. ಹಿಮ್ಮಡಿಯನ್ನು ಹಿಡಿದಿಡುವ ಬೂಟು ಬೇಕು. ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಖರೀದಿಗೆ ಆಗಲೇ ಹೋಗಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಲಿ. ಮಧುಮೇಹಿಗಳಿಗೆ ಪಾದದ ಸ್ಪರ್ಶ ಕುಂದಿರಬಹುದು, ಕಲ್ಲು ಚುಚ್ಚಿದರೂ ತಿಳಿಯದು. ಹಾಕುವ ಮೊದಲು ಬೂಟಿನೊಳಗೆ ಕೈಯಾಡಿಸಿ, ಬಂದ ಮೇಲೆ ಅಂಗಾಲು ನೋಡಿಕೊಳ್ಳಿ.

ಎಷ್ಟು, ಯಾವಾಗ

ಮೊದಲೆರಡು ವಾರ ರಾತ್ರಿ ಊಟದ ಬಳಿಕ ಹತ್ತು ನಿಮಿಷ. ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಊಟದ ನಂತರದ ಶುಗರ್ ಏರಿಕೆ ತಗ್ಗುತ್ತದೆ. ಮೂರನೇ ವಾರ ತಿಂಡಿಯ ನಂತರ ಹತ್ತು ನಿಮಿಷ ಸೇರಿಸಿ, ಐದನೇ ವಾರ ಮಧ್ಯಾಹ್ನದ ಊಟದ ನಂತರವೂ. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ: ವಿಶ್ವ ಆರೋಗ್ಯ ಸಂಸ್ಥೆ ಹಿರಿಯರಿಗೆ ಹೇಳುವ ಕನಿಷ್ಠ 150 ನಿಮಿಷ ಇಲ್ಲಿಗೆ ಮುಟ್ಟಿತು. ನಡೆದು ಎರಡು ಗಂಟೆ ಕಳೆದರೂ ಮಂಡಿನೋವು ಇಳಿಯದಿದ್ದರೆ ಮರುದಿನ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ.

ವೇಗಕ್ಕೆ ಅಳತೆ ನಿಮ್ಮ ಬಾಯಿಯೇ. ಜೊತೆಯವರೊಂದಿಗೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿ.ಪಿ.ಗೋ ಹೃದಯಕ್ಕೋ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ಏರುವುದೇ ಕಡಿಮೆ; ಅಂಥವರು ಕೈಗಡಿಯಾರ ತೋರಿಸುವ ನಾಡಿಬಡಿತ ನಂಬಿ ವೇಗ ಹೆಚ್ಚಿಸಬಾರದು.

ಹತ್ತು ಸಾವಿರ ಹೆಜ್ಜೆಯ ಚಿಂತೆಯನ್ನೂ ಬಿಡಿ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದ ಸಂಖ್ಯೆ. ಸರಾಸರಿ 72 ವಯಸ್ಸಿನ ಅಮೆರಿಕದ ಮಹಿಳೆಯರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400ರಷ್ಟು ನಡೆದವರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

ಊರುಗೋಲು, ದಾರಿ

ಕೋಲು ನೋವಿರುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿರಬೇಕು. ನೋವಿನ ಕಾಲಿನ ಜೊತೆಗೇ ಮುಂದೆ ಹೋಗಬೇಕು. ಬೂಟು ಹಾಕಿ ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬಂದರೆ ಎತ್ತರ ಸರಿ. ಬುಡದ ರಬ್ಬರ್ ಸವೆದರೆ ತಕ್ಷಣ ಬದಲಿಸಿ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಂಥ ಮಣ್ಣಿನ ದಾರಿ ಸಿಕ್ಕರೆ ಪುಣ್ಯ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಿರಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳಕ್ಕಿಂತ ಜಗಲಿಯೇ ಮೇಲು.

ನಡಿಗೆಯೊಂದರಿಂದಲೇ ಬೀಳುವ ಭಯ ಹೋಗದು. ವಾರಕ್ಕೆ ಮೂರು ದಿನ ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲಿ. ಕುರ್ಚಿಯಿಂದ ಕೈ ಊರದೆ ಎಂಟು ಬಾರಿ ಎದ್ದು ಕೂರಿ.

ಯಾವಾಗ ನಿಲ್ಲಿಸಬೇಕು

ಒಂದಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತಿದೆಯೇ? ಕಾಲಿನ ರಕ್ತನಾಳ ಕಿರಿದಾಗಿರಬಹುದು. ಧೂಮಪಾನಿಗಳು, ಮಧುಮೇಹಿಗಳು ತಡಮಾಡದೆ ತೋರಿಸಿ. ಎದೆ ಬಿಗಿತ, ದವಡೆಗೋ ಎಡತೋಳಿಗೋ ಹರಡುವ ನೋವು ಬಂದರೆ ಅಲ್ಲೇ ಕೂತು 108ಕ್ಕೆ ಕರೆ ಮಾಡಿಸಿ; ಮನೆವರೆಗೆ ನಡೆದು ಹೋಗೋಣ ಎನ್ನಬೇಡಿ.