ಕ್ಯಾನ್ಸರ್ ತಡೆಯುವ ಜೀನ್‌ಗಳು: ಕೆಲಸ ಹೇಗೆ? ನಾವು ಮಾಡಬೇಕಾದ್ದೇನು?

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಲಿದ ಜೀನ್ಸ್ ಪ್ಯಾಂಟು ನೇರ ಪ್ಯಾಕಿಂಗಿಗೆ ಹೋಗುವುದಿಲ್ಲ. ಚೆಕ್ಕಿಂಗ್ ಮಾಡುವವರು ಅದನ್ನು ಒಳಗು ಹೊರಗು ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಾರೆ. ಹೊಲಿಗೆ ಬಿಟ್ಟಿದ್ದರೆ ವಾಪಸ್ ಮಷಿನ್‌ಗೆ. ಸರಿ ಮಾಡಲು ಆಗದಿದ್ದರೆ ರಿಜೆಕ್ಟ್. ನಮ್ಮ ಜೀವಕೋಶಗಳಲ್ಲೂ ಇಂಥ ಚೆಕ್ಕಿಂಗ್ ನಡೆಯುತ್ತದೆ. ಅದನ್ನು ಮಾಡಿಸುವುದು ಕೆಲವು ಜೀನ್‌ಗಳು, ಅಂದರೆ ಕೋಶದ ಡಿಎನ್ಎಯಲ್ಲಿ ಬರೆದಿರುವ ಸೂಚನೆಗಳು.

ಮೊದಲು ತಿದ್ದುವ ಕೆಲಸ. ಒಂದು ಕೋಶ ಎರಡಾಗಬೇಕಾದರೆ ತಾಯಿಯಿಂದ ಬಂದ 300 ಕೋಟಿ, ತಂದೆಯಿಂದ ಬಂದ 300 ಕೋಟಿ ಡಿಎನ್ಎ ಅಕ್ಷರಗಳು ನಕಲಾಗಬೇಕು. ತಪ್ಪು ಬಿದ್ದೇ ಬೀಳುತ್ತದೆ. ಬಹುಪಾಲು ಅಲ್ಲಲ್ಲೇ ಸರಿಯಾಗುತ್ತವೆ.

ಡಿಎನ್ಎಗೆ ಬಿದ್ದ ಏಟು ದೊಡ್ಡದಾದರೆ ಪಿ53 ಎಂಬ ಪ್ರೋಟೀನ್ ಎಚ್ಚರಗೊಳ್ಳುತ್ತದೆ. 1979ರಲ್ಲಿ ಪತ್ತೆಯಾದ ಇದನ್ನು ತಯಾರಿಸುವುದು ಟಿಪಿ53 ಜೀನ್. ಪಿ53 ಕೋಶ ಎರಡಾಗುವುದನ್ನೇ ತಡೆದು ನಿಲ್ಲಿಸುತ್ತದೆ. ತುಂಡಾದ ಡಿಎನ್ಎ ಎಳೆಗಳನ್ನು ಕೂಡಿಸಲು ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳು ಬೇಕು. ರಿಪೇರಿ ಆಗಲಿಲ್ಲವೋ, ಕೋಶ ತಾನಾಗಿಯೇ ಸಾಯುವಂತೆ ಪಿ53 ಮಾಡುತ್ತದೆ. ನಮಗೆ ಟಿಪಿ53 ಇರುವುದು ಒಂದೇ ಜೋಡಿ. ಆನೆಗೆ 20 ಜೋಡಿ! ಅಷ್ಟು ದೊಡ್ಡ ಮೈಗೆ ಕ್ಯಾನ್ಸರ್ ಅಪರೂಪವಾಗಲು ಇದೂ ಕಾರಣವಿರಬಹುದು ಎನ್ನುತ್ತಾರೆ ವಿಜ್ಞಾನಿಗಳು.

ಜೋಡಿಯಲ್ಲಿ ಒಂದು ಕೆಟ್ಟರೂ ಸಾಮಾನ್ಯವಾಗಿ ಇನ್ನೊಂದು ಕಾಯುತ್ತದೆ. ಹುಟ್ಟುವಾಗಲೇ ಒಂದು ಕೆಟ್ಟು ಬಂದಿದ್ದರೆ ಉಳಿದಿದ್ದು ಒಂದೇ ಅಲ್ವಾ? ಹೀಗೆ ವಂಶದಿಂದ ಬರುವ ಕ್ಯಾನ್ಸರ್ ಶೇ 5ರಿಂದ 10 ಮಾತ್ರ. ಗುಟ್ಕಾ, ಬೀಡಿ ಹಾಗಲ್ಲ. ಚೆನ್ನಾಗಿರುವ ಜೀನ್‌ಗಳನ್ನೇ ಅವು ಕೆಡಿಸುತ್ತವೆ. ದಯವಿಟ್ಟು ಬಿಡಿ.

ಇನ್ನು ವಂಶದಲ್ಲಿ ಕ್ಯಾನ್ಸರ್ ಇದೆಯೇ ಎಂದು ನೋಡಲು ಮನೆಯಲ್ಲಿ ಮಾಡುವ ಕೆಲಸ. ಒಂದು ಹಾಳೆ ತೆಗೆದುಕೊಳ್ಳಿ. ಒಂದು ಕಡೆ ತಾಯಿಯ ಬಳಗ, ಇನ್ನೊಂದು ಕಡೆ ತಂದೆಯ ಬಳಗ ಬರೆಯಿರಿ. ಸ್ತನ ಕ್ಯಾನ್ಸರ್ ಎಂದರೆ ತಾಯಿ ಕಡೆ ಮಾತ್ರ ನೋಡುವವರು ಜಾಸ್ತಿ. ಅದು ತಪ್ಪು, ಈ ಕ್ಯಾನ್ಸರ್‌ಗೆ ದಾರಿ ಮಾಡುವ ಕೆಟ್ಟ ಬಿಆರ್‌ಸಿಎ ಜೀನ್ ಅಪ್ಪನಿಂದಲೂ ಬರಬಹುದು.

ಹಿರಿಯರನ್ನು 'ಯಾರಿಗಾದರೂ ಕ್ಯಾನ್ಸರ್ ಇತ್ತಾ' ಎಂದರೆ ಇಲ್ಲ ಅಂದುಬಿಡುತ್ತಾರೆ. 'ದೊಡ್ಡವ್ವಾ, ಯಾರಿಗಾದ್ರೂ ಗಡ್ಡಿ ಆಗಿತ್ತೇನು?' ಎಂದು ಕೇಳಿ ನೋಡಿ, ಒಂದೊಂದೇ ಹೆಸರು ಹೊರಬರುತ್ತದೆ. ಯಾರಿಗೆ, ಯಾವ ಭಾಗದಲ್ಲಿ, ಎಷ್ಟನೇ ವಯಸ್ಸಿಗೆ ಎಂದು ಬರೆಯಿರಿ. 50ರೊಳಗೆ ಬಂದ ಸ್ತನ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್, ಯಾವ ವಯಸ್ಸಿನದೇ ಆದರೂ ಅಂಡಾಶಯದ ಕ್ಯಾನ್ಸರ್, ಗಂಡಸರ ಸ್ತನ ಕ್ಯಾನ್ಸರ್ ಇದ್ದರೆ ಆ ಹೆಸರಿನ ಕೆಳಗೆ ಗೆರೆ ಎಳೆಯಿರಿ.

ಆ ಹಾಳೆಯನ್ನು ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಸುಮ್ನೆ ಎಲ್ಲರೂ ಜೀನ್ ಪರೀಕ್ಷೆ ಮಾಡಿಸಬೇಕಿಲ್ಲ. ಬೇಕೆಂದು ಅವರು ಹೇಳಿದರೆ, ಸಾಧ್ಯವಿದ್ದಲ್ಲಿ ಕ್ಯಾನ್ಸರ್ ಬಂದಿರುವವರಿಗೇ ಮೊದಲು ಮಾಡಿಸಿ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಏನನ್ನು ಹುಡುಕಬೇಕು ಎಂಬುದು ಗೊತ್ತಾಗುತ್ತದೆ.