ಕಲಬುರಗಿ ಬಿಸಿಲಲ್ಲೂ ಒಡೆಯದ ಕ್ರೀಮ್: ನನ್ನ ಅನುಭವ

ಎಣ್ಣೆ, ನೀರನ್ನು ಜೋರಾಗಿ ಕಡೆದು ಬೆರೆಸುವ ಹೋಮೊಜಿನೈಜರ್ ಯಂತ್ರ ಇಲ್ಲದೆ ಕ್ರೀಮ್ ನಿಲ್ಲುವುದಿಲ್ಲ ಎಂದಿದ್ದವರು ಈಗ ನನ್ನ ಡಬ್ಬಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ವಾರಗಟ್ಟಲೆ ಬಿದ್ದಿದ್ದ ಡಬ್ಬಿ ಅದು. ಒಂದು ಹನಿ ಎಣ್ಣೆ ಮೇಲೆ ಬಂದಿಲ್ಲ.

ಶುರು ಮಾಡಿದ್ದು ಟ್ವೀನ್ 80, ಸ್ಪ್ಯಾನ್ 80 ಜೋಡಿಯಿಂದ. ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್‌ಗಳು ಇವು. ಎಮಲ್ಸಿಫೈಯರ್‌ಗೆ ನೀರಿನ ಕಡೆ ಒಲವು ಎಷ್ಟು ಎಂದು ಹೇಳುವ ಅಂಕಿ ಎಚ್‌ಎಲ್‌ಬಿ; ಕೊಬ್ಬರಿ ಎಣ್ಣೆಗೆ ಅದು ಸುಮಾರು 8 ಬೇಕು. ಟ್ವೀನ್ 15, ಸ್ಪ್ಯಾನ್ 4.3. ಹಾಗಾಗಿ ಟ್ವೀನ್ 35 ಪಾಲು, ಸ್ಪ್ಯಾನ್ 65. ಲೆಕ್ಕ ಕೂತಿತು, ಕ್ರೀಮ್ ಕೂರಲಿಲ್ಲ. ಬರೀ ನೀರು ನೀರು.

ಆಮೇಲೆ ಜಿಎಂಎಸ್ ಎಸ್‌ಇ, ಅಂದರೆ ಸೋಪು ಸೇರಿಸಿದ ಗ್ಲಿಸರಿಲ್ ಮೊನೊಸ್ಟಿಯರೇಟ್ ಎಂಬ ಎಮಲ್ಸಿಫೈಯರ್. ಚೆನ್ನಾಗೇ ಬಂತು. ಅದಕ್ಕೆ ಲ್ಯಾಕ್ಟಿಕ್ ಆಸಿಡ್ ಹಾಕಿ ಪಿಎಚ್ 4ರ ಹತ್ತಿರ ಇಳಿಸಿದೆ. ಬೆಳಗಾಗುವಷ್ಟರಲ್ಲಿ ಒಡೆದ ಹಾಲು. ಎಸ್‌ಇಯಲ್ಲಿ ಸೋಪು ಇರುತ್ತದಲ್ಲ, ಹುಳಿ ಬಿದ್ದರೆ ಅದರ ಕೆಲಸ ಮುಗಿಯಿತು. ಸುಗಂಧ, ಡಬ್ಬಿ ಎಲ್ಲ ಸೇರಿ ಆರೇಳು ಸಾವಿರ ಚರಂಡಿ ಪಾಲು.

ಕೈ ಹಿಡಿದದ್ದು ಸೆಟಿಯರೆತ್-20 ಎಂಬ ಎಮಲ್ಸಿಫೈಯರ್ ಮತ್ತು ಮೇಣದಂತಿರುವ ಸೀಟೋಸ್ಟಿಯರೈಲ್ ಆಲ್ಕೊಹಾಲ್. ಎಣ್ಣೆ ಶೇ 15ರಷ್ಟು, ಆಲ್ಕೊಹಾಲ್ 5, ಸೆಟಿಯರೆತ್ ಒಂದೂವರೆ. "ಒಂದೂವರೆ ಸಾಲಲ್ಲ ಸರ್, ನಾಲ್ಕು ಹಾಕಿ" ಎಂದ ಮಾರುವವನು. ಅವನಿಗೆ ವ್ಯಾಪಾರ, ಅಲ್ವಾ? ನಾಲ್ಕನ್ನೂ ಹಾಕಿ ನೋಡಿದೆ. ಕೈಗೆ ಉಜ್ಜಿದರೆ ಬೆಳ್ಳಗೆ ನೊರೆ, ಆಮೇಲೆ ಚರ್ಮ ಬಿಗಿಬಿಗಿ.

ಎಣ್ಣೆಯದು, ನೀರಿನದು ಎರಡೂ ಪಾತ್ರೆ 75 ಡಿಗ್ರಿಗೆ ಬಂದ ಮೇಲೆ ಹ್ಯಾಂಡ್ ಬ್ಲೆಂಡರ್ ಮೂರ್ನಾಲ್ಕು ನಿಮಿಷ, ಅಷ್ಟೇ. ಮುಂದುವರಿಸಿದರೆ ಸುಮ್ನೆ ಗಾಳಿ ತುಂಬುತ್ತದೆ. ನಿಜವಾದ ಕೆಲಸ ತಣಿಸುವುದರಲ್ಲಿದೆ. ಸ್ಪ್ಯಾಚುಲಾದಲ್ಲಿ ತಿರುಗಿಸುತ್ತಾ ಇದ್ದರೆ ಒಂದು ಹಂತದಲ್ಲಿ ಮೇಲಿನ ಹೊಳಪು ಹೋಗಿ, ಎಳೆದ ಗೆರೆ ಹಾಗೇ ನಿಲ್ಲುತ್ತದೆ. ಆಲ್ಕೊಹಾಲ್ ಮತ್ತು ಸೆಟಿಯರೆತ್ ಸೇರಿ ಎಣ್ಣೆ ಹನಿಗಳ ಸುತ್ತ ಪದರ ಕಟ್ಟುವುದು ಆಗಲೇ. ಕೊಬ್ಬರಿ ಎಣ್ಣೆ 25ಕ್ಕೇ ಕರಗುತ್ತದೆ, ನಮ್ಮ ಬಿಸಿಲಲ್ಲಿ ಕ್ರೀಮನ್ನು ಹಿಡಿದಿಡುವುದು ಈ ಪದರಗಳೇ. 55ರಿಂದ 45ಕ್ಕೆ ಎಷ್ಟು ಹೊತ್ತಲ್ಲಿ ಇಳಿಸುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಪ್ರಿಸರ್ವೇಟಿವ್, ಸುಗಂಧ 40ರ ಕೆಳಗೆ.

ನಡುವೆ ಬಿಟಿಎಂಎಸ್ ಎಂಬ ಪಾಸಿಟಿವ್ ಚಾರ್ಜಿನ ಎಮಲ್ಸಿಫೈಯರ್ ತಂದು ಕೂದಲಿಗೆ ಕಂಡೀಷನರ್ ಕೂಡ ಮಾಡಿದೆ. ಅದು ಸೊಗಸಾಗಿ ಬಂತು. ಅದಕ್ಕೆ ಉಳಿದಿದ್ದ, ದಪ್ಪ ಮಾಡುವ ಕಾರ್ಬೊಮರ್ ಜೆಲ್ ಬೆರೆಸಿದ್ದೇ ತಡ, ಎಲ್ಲ ಗಂಟುಗಂಟು. ಬಿಟಿಎಂಎಸ್ ಪಾಸಿಟಿವ್, ಕಾರ್ಬೊಮರ್ ನೆಗೆಟಿವ್, ಎರಡೂ ಒಂದನ್ನೊಂದು ಹಿಡಿದು ಕೂತವು.

50 ಗ್ರಾಂ ಕ್ರೀಮಿಗೆ ಸೆಟಿಯರೆತ್, ಸೀಟೋಸ್ಟಿಯರೈಲ್ ಎರಡರ ಖರ್ಚು ಒಂದೂವರೆ, ಎರಡು ರೂಪಾಯಿ. ಖಾಲಿ ಡಬ್ಬಿಗೆ ಒಂಬತ್ತು! ಈಗ ಚೌಕಾಸಿ ನಡೆದಿರುವುದು ಡಬ್ಬಿಯವನ ಜೊತೆ.